ಬಚ್ಚಲಮನೆಯಲ್ಲಿ ಬಿಲ್ವಿದ್ಯೆ

1987ರ ಮಳೆಗಾಲ. ಡೊಂಬಿವಿಲಿಯ ನಮ್ಮ ಒಂದೂವರೆ ಕೋಣೆಯ ಮನೆಗೆ ಊರಿನಿಂದ ಅಜ್ಜ ಬಂದಿದ್ದರು. ಅಜ್ಜ ಎಂದರೆ ಮಗನಿಗೆ ಅಜ್ಜ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅಪ್ಪಯ್ಯ, ಇನ್ನೊಬ್ಬರಿಗೆ ಮಾವ. ಅಜ್ಜಿ ತೀರಿಕೊಂಡ ವರ್ಷ ಅದು. ಶಿರಸಿ ಸೀಮೆಯ ಅಡಿಕೆ ತೋಟವನ್ನು ಹಿರಿಯ ಮಗನಿಗೆ ಒಪ್ಪಿಸಿ, ನಮ್ಮ ಒತ್ತಾಯಕ್ಕೆ ಬಂದವರು, ಎಂಟೇ ದಿನಕ್ಕೆ "ಊರಿಗೆ ಟಿಕೆಟ್ ತೆಗೆಸಿ" ಎನ್ನತೊಡಗಿದರು.

ಅವರ ತಪ್ಪೇನೂ ಇರಲಿಲ್ಲ. ನಾವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ಮರಳುತ್ತಿದ್ದುದು ದೀಪ ಹೊತ್ತಿಸಿದ ಮೇಲೆ. ಹತ್ತು ವರ್ಷದ ಮಗನಿಗೆ ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲ ಮೇಲೆ ಮರಾಠಿ, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ. ಅಜ್ಜನಿಗೆ ಕನ್ನಡವೊಂದೇ. ಮಧ್ಯಾಹ್ನದಿಂದ ಸಂಜೆಯವರೆಗೆ ಇಬ್ಬರೂ ರೈಲು ಡಬ್ಬಿಯ ಅಪರಿಚಿತರಂತೆ ಎದುರುಬದುರು ಕುಳಿತಿರುತ್ತಿದ್ದರು.

ಆ ವರ್ಷದ ಜನವರಿಯಲ್ಲಿ ದೂರದರ್ಶನದ ರಾಮಾಯಣ ಸುರುವಾಗಿತ್ತಲ್ಲ, ಕಟ್ಟಡದ ಮಕ್ಕಳೆಲ್ಲ ಬಿಲ್ಲುಗಾರರಾಗಿ, ಗೃಹಿಣಿಯರ ಕಡ್ಡಿಪೊರಕೆಗಳು ದಿನೇ ದಿನೇ ಬಡವಾಗುತ್ತಿದ್ದವು. ಒಂದು ಭಾನುವಾರ ಅಜ್ಜ ಟಿ.ವಿ. ನೋಡುತ್ತ ತಮ್ಮಷ್ಟಕ್ಕೇ ಅಂದರು: "ಅದೆಂಥ ಬಿಲ್ಲೊ ಮಾರಾಯಾ! ನಡುವೆ ಮಾತ್ರ ಬಗ್ತದೆ, ತೋಳು ಸುಮ್ಮನೆ ಕೂತದೆ. ಇದರಲ್ಲಿ ಹೊಡೆದರೆ ರಾವಣ ಅಲ್ಲ, ನೊಣವೂ ಸಾಯೂದಿಲ್ಲ." ಮಗ ಏನೆಂದು ಕೇಳಿದ. ನಾವು ಹೇಳಿದೆವು. "ತೋ ಆಪ್ ಬನಾಕೆ ದಿಖಾಓ" ಎಂದುಬಿಟ್ಟ.

ಅಜ್ಜ ಪ್ರಾಯದಲ್ಲಿ ಬಿಲ್ಲು ಮಾಡುತ್ತಿದ್ದರೆಂಬುದು ನಮಗೂ ಅಂದೇ ತಿಳಿದದ್ದು. ತೋಟದ ಮಂಗ ಓಡಿಸಲು, ಬಾಣದ ಬದಲು ಬಿಸಿಲಲ್ಲಿ ಒಣಗಿಸಿದ ಮಣ್ಣುಂಡೆ ಹೊಡೆಯುವ ಬಿಲ್ಲು. ಅದಕ್ಕೆ ಜೋಡಿ ಹೆದೆ, ನಡುವೆ ಉಂಡೆ ಕೂರುವಷ್ಟು ಪುಟ್ಟ ಹೆಣಿಗೆ. ಆದರೆ ಮೊಮ್ಮಗನಿಗೆ ಬೇಕಾದದ್ದು ಶ್ರೀರಾಮನ ಬಿಲ್ಲು. ಅಂತೂ ಟಿಕೆಟ್ಟಿನ ಮಾತು ಅಲ್ಲಿಗೆ ನಿಂತಿತು. "ಬಿಲ್ಲು ಮಾಡಿಕೊಟ್ಟು ಹೊರಡ್ತೇನೆ" ಎಂದರು.

ಮುಂಬಯಿಯಲ್ಲಿ ಬಿದಿರಿಗೆ ಬರವೇ? ಗಣೇಶ ಚೌತಿ ಮುಗಿದು ಮಂಟಪ ಕಳಚುವ ಕಾಲ. ಕಂಟ್ರಾಕ್ಟರನ ರಾಶಿಯ ಮುಂದೆ ಅಜ್ಜ ಒಂದು ತಾಸು ನಿಂತರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುವುದು, ಮೊಳೆ ಹೊಡೆದದ್ದನ್ನೂ ಸೀಳುಬಿಟ್ಟದ್ದನ್ನೂ ಹುಳು ಕೊರೆದದ್ದನ್ನೂ ಬದಿಗೆ ತಳ್ಳುವುದು. ಕೊನೆಗೆ ಆರಿಸಿದ್ದು ಕೊಂಕಣದ ಕಡೆಯ, ಮರಾಠಿಯವರು ಮಾಣಗಾ ಎನ್ನುವ ಬಿದಿರಿನ ಬುಡದ ತುಂಡು. ಒಳಗೆ ಪೊಳ್ಳು ಕಡಿಮೆ, ಗೋಡೆ ದಪ್ಪ. ಮನೆಗೆ ತಂದು ಎರಡು ಸೀಳು ಮಾಡಿದರು. ಒಂದು ಸಾಕಲ್ಲ ಎಂದು ನಾವಂದರೆ, "ಇರಲಿ, ಮನೆಯಲ್ಲಿ ಅವಸರದವರಿದ್ದಾರೆ" ಎಂದರು.

ಬಿಲ್ಲೆಂದರೆ ಬಗ್ಗಿಸಿದ ಕೋಲಿಗೆ ದಾರ ಕಟ್ಟಿದರಾಯಿತು ಎಂದುಕೊಂಡಿದ್ದೆವು. ಅದಕ್ಕೆ ಬೆನ್ನು ಬೇರೆ, ಹೊಟ್ಟೆ ಬೇರೆ. ಗುರಿಯ ಕಡೆಗಿರುವುದು ಬೆನ್ನು, ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬಿದಿರಿನ ಹೊರಸಿಪ್ಪೆಯ ನಾರು ಎಷ್ಟು ಜಗ್ಗಿದರೂ ತಡೆಯುವಂಥದು. ಆದ್ದರಿಂದ ಸಿಪ್ಪೆಯೇ ಬೆನ್ನು, ಅದನ್ನು ಮುಟ್ಟುವಂತಿಲ್ಲ. ಕೆರೆಯುವುದೆಲ್ಲ ಒಳಗಿನಿಂದ. ಗಿಣ್ಣಿದ್ದಲ್ಲಿ ಒಂದು ಕೂದಲೆಳೆ ಹೆಚ್ಚೇ ಬಿಡಬೇಕು. ನಾಲ್ಕೂವರೆ ಅಡಿ ಉದ್ದ, ನಡುವೆ ಹಿಡಿ, ತುದಿಗೆ ಹೋದಂತೆ ಸಪೂರ. ಪಕ್ಕದ ಬಡಗಿಯ ರಂಧಾ ಎರವಲು ತಂದು ಒರಟು ಕೆಲಸ ಮುಗಿಯಿತು. ಮುಂದಿನದೆಲ್ಲ ಚೂರಿಯ ಅಲಗು ಮತ್ತು ಒಡೆದ ಗಾಜಿನ ಚೂರು.

ಆಮೇಲೆ ಸುರುವಾದದ್ದೇ ನಿಜವಾದ ಬಿಲ್ವಿದ್ಯೆ. ಬಿಲ್ಲನ್ನು ತುಸು ಎಳೆದು, ಎರಡು ತೋಳೂ ಸಮನಾಗಿ ಬಾಗುತ್ತವೆಯೇ ಎಂದು ನೋಡುವುದು; ಬಾಗದ ಕಡೆ ಪೆನ್ಸಿಲ್ ಗುರುತು; ಅಲ್ಲಿ ನಾಲ್ಕು ಸಲ ಕೆರೆಯುವುದು; ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡುವುದು, ಯಾಕೆಂದರೆ ಕೆರೆದದ್ದು ಬಿದಿರಿಗೆ ತಿಳಿಯುವುದು ತಡವಾಗಿ; ಮತ್ತೆ ನೋಡುವುದು. ಎಲ್ಲಿಯವರೆಗೆ ಎಳೆದಾಗ ಸೊಟ್ಟ ಕಾಣಿಸಿತೋ ಅಲ್ಲಿಂದ ಮುಂದೆ, ಅದು ನೇರ್ಪಾಗುವ ತನಕ, ಒಂದಂಗುಲವೂ ಎಳೆಯಬಾರದು. ಊರಿನಲ್ಲಾದರೆ ದೂರ ನಿಂತು ನೋಡಲು ಅಂಗಳವಿದೆ. ಇಲ್ಲಿ? ಮಗನೇ ಉಪಾಯ ಹುಡುಕಿದ. ಬಚ್ಚಲಮನೆಯ ಗೋಡೆಯ ಬಿಳಿಯ ಟೈಲ್ಸಿನ ಗೆರೆಗಳು ಗ್ರಾಫ್ ಕಾಗದದಂತಿದ್ದವು. ಅಂಗುಲಕ್ಕೊಂದು ಕಚ್ಚು ಹಾಕಿದ ಗೂಟದ ತಲೆಯ ಮೇಲೆ ಬಿಲ್ಲಿನ ಹಿಡಿ, ಹೆದೆ ಕಚ್ಚಿನಲ್ಲಿ. ಗೋಡೆಗೆ ಹಿಡಿದರೆ ಯಾವ ತೋಳು ಎಷ್ಟು ಗೆರೆ ಇಳಿಯಿತೆಂಬುದು ಕಣ್ಣಿಗೇ ಕಾಣುತ್ತಿತ್ತು. ಅಜ್ಜ ತಲೆದೂಗಿದರು. ನಾವು ಮೂರು ವಾರ ಬಚ್ಚಲ ಬಾಗಿಲ ಹೊರಗೆ ಸರದಿ ಕಾದು, ಎರಡು ಸಲ ಲೋಕಲ್ ತಪ್ಪಿಸಿಕೊಂಡೆವು.

ಆ ಬಾಗಿಲ ಹೊರಗೆ ನಿಂತೇ ನಾವು ಕೇಳಿದ್ದು. "ಅಜ್ಜಾ, ಮೇಲಿನ ತೋಳು ಬಿಗಿ." "ಎಲ್ಲಿ ತಮಾ?" "ಎರಡನೇ ಗಿಣ್ಣಿನ ಹತ್ರ." ಹಿಂದಿಯಲ್ಲಿ ಗಿಣ್ಣಿಗೆ ಏನೆನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ, ಹೆದೆಗೂ ಗೊತ್ತಿರಲಿಲ್ಲ. ಹಾಗಾಗಿ ಕನ್ನಡದಲ್ಲೇ ಹೇಳಬೇಕಾಯಿತು. ಸಂಘದ ಭಾನುವಾರದ ಕನ್ನಡ ತರಗತಿಗೆ ಎರಡು ವರ್ಷ ಕಳಿಸಿಯೂ ಆಗದ್ದು ಇದು. ತರಗತಿಯ ಗುರುಗಳು ಕ್ಷಮಿಸಬೇಕು.

ಇನ್ನು ನಮ್ಮ ಪರಾಕ್ರಮ. ಬಿಲ್ಲು ಹದಿಮೂರಂಗುಲದವರೆಗೆ ಚೆನ್ನಾಗಿ ಬಾಗುತ್ತಿತ್ತು. ಬೇಕಾದದ್ದು ಇಪ್ಪತ್ತು. ಒಂದು ರಜೆಯ ಮಧ್ಯಾಹ್ನ ಅಜ್ಜ ಮಲಗಿದ್ದಾಗ, ಮಗನಿಗೆ ಖುಷಿಯಾಗಲೆಂದು ನಾವೇ ಕೆಳಗಿನ ತೋಳನ್ನು ಒಂದಿಷ್ಟು ಧಾರಾಳವಾಗಿ ಕೆರೆದು ಇಪ್ಪತ್ತಕ್ಕೇ ಎಳೆದೆವು. ಎಳೆದವರು ನಮ್ಮಿಬ್ಬರಲ್ಲಿ ಯಾರೆಂದು ಬರೆಯದಿರುವುದೇ ಸಂಸಾರಕ್ಕೆ ಕ್ಷೇಮ. ಪಟಾಕಿ ಹೊಡೆದಂತೆ ಶಬ್ದವಾಗಿ ಕೆಳಗಿನ ಮನೆಯ ಗುಜರಾತಿ ಬೆಹೆನ್ ಓಡಿ ಬಂದರು. ಮಗ ಅಳಲಿಲ್ಲ. ನಮ್ಮ ಮುಖ ನೋಡದೆ ತುಂಡುಗಳನ್ನು ಕೂಡಿಸಿ ಹಿಡಿದುಕೊಂಡು ನಿಂತ. ಅದು ಅತ್ತದ್ದಕ್ಕಿಂತ ಹೆಚ್ಚಾಯಿತು.

ಅಜ್ಜ ಎದ್ದು ಬಂದು ಮುರಿದ ಜಾಗದ ಮೇಲೆ ಹೆಬ್ಬೆರಳಾಡಿಸಿದರು. "ಇಲ್ಲಿ ನೋಡು ತಮಾ. ಒಂದೇ ಕಡೆ ಕೆರೆದು ಬಾಗಿಲ ತಿರುಗಣೆ ಮಾಡಿದ್ದಾರೆ. ಉಳಿದವರೆಲ್ಲ ಸುಮ್ಮನೆ ಕೂತರೆ ಭಾರ ಎಲ್ಲ ಒಬ್ಬನ ಮೇಲೇ ಬೀಳ್ತದೆ, ಮುರಿದೇ ಮುರೀತದೆ." ಅವರು ಬಿಲ್ಲಿನ ಬಗ್ಗೆಯೇ ಹೇಳಿದ್ದು. ಆದರೂ ಊರಿನಲ್ಲಿ ಒಬ್ಬರೇ ತೋಟ ನೋಡುವ ಅಣ್ಣನ ನೆನಪಾಗಿ ನಾವು ಮುಖ ತಗ್ಗಿಸಿದೆವು.

ಮುಂದೆ ಪುಸ್ತಕಗಳಲ್ಲಿ ಓದಿ ತಿಳಿದದ್ದು: ತೋಳಿನ ಅಗಲ ಅರ್ಧವಾದರೆ ಬಿಗಿಯೂ ಅರ್ಧ, ಆದರೆ ದಪ್ಪ ಅರ್ಧವಾದರೆ ಬಿಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಧಾರಾಳತನದ ಲೆಕ್ಕ ಅದು. ಇಂಗ್ಲೆಂಡಿನ ರೋಜರ್ ಆಸ್ಕಂ ಎಂಬ ವಿದ್ವಾಂಸ ಬಿಲ್ಲಿನ ಮೇಲೆ 'ಟಾಕ್ಸೊಫಿಲಸ್' ಎಂಬ ಗ್ರಂಥ ಬರೆದು ಎಂಟನೆಯ ಹೆನ್ರಿಗೆ ಅರ್ಪಿಸಿದ್ದು 1545ರಲ್ಲಿ. ಅದೇ ವರ್ಷ ದೊರೆಯ ಹಡಗು 'ಮೇರಿ ರೋಸ್' ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿ ಸಿಕ್ಕ ಯೂ ಮರದ ಬಿಲ್ಲುಗಳು ನೂರಕ್ಕೂ ಮಿಕ್ಕಿ. ಅಲ್ಲಿಯೂ ಹಿಗ್ಗಬಲ್ಲ ಹೊರಮರವೇ ಬೆನ್ನು, ಕುಗ್ಗಬಲ್ಲ ಕೆಚ್ಚೇ ಹೊಟ್ಟೆ. ನಮ್ಮ ಅಜ್ಜನಿಗೂ ಆ ಇಂಗ್ಲಿಷರಿಗೂ ಮಾತುಕತೆಯಾಗಿರಲಿಲ್ಲ. ಸಂಘದ ಕೊಡಗಿನ ಸ್ನೇಹಿತರೊಬ್ಬರು, ತಮ್ಮಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ದಂಟಿನ ಪುಟ್ಟ ಬಿಲ್ಲನ್ನು ಕೈಗಿಡುವ ಸಂಪ್ರದಾಯವಿದೆ ಎಂದಾಗ, ಅಜ್ಜ "ಅದಾದರೆ ಯಾರು ಎಳೆದರೂ ಚಿಂತೆ ಇಲ್ಲ" ಎಂದು ನಮ್ಮ ಕಡೆ ನೋಡಿದರು.

ಎರಡನೆಯ ಸೀಳಿನ ಕೆಲಸ ಸುರುವಾಯಿತು. ನಿಜ ಹೇಳುವುದಾದರೆ ಈ ಸಲ ನಮಗೆ ಯಾವ ಅವಸರವೂ ಇರಲಿಲ್ಲ. ಬಿಲ್ಲು ಮುಗಿದರೆ ಅಜ್ಜ ಹೊರಡುತ್ತಾರೆಂಬುದು ಗೊತ್ತಿತ್ತು. ಹದಿನೈದಂಗುಲ, ಹದಿನಾರಂಗುಲ, ನಾವು ಟೈಲ್ಸಿನ ಗೆರೆಗಳನ್ನು ಬೇರೆಯೇ ಲೆಕ್ಕದಲ್ಲಿ ಎಣಿಸುತ್ತಿದ್ದೆವು. "ಇನ್ನೊಂದು ಸಲ ನೋಡಿ, ಬಲಗಡೆ ಸೊಟ್ಟವಿಲ್ಲವೇ?" ಎಂದು ಇಲ್ಲದ ಸೊಟ್ಟವನ್ನು ತೋರಿಸಿದ್ದೂ ಉಂಟು. ಅಜ್ಜನಿಗೆ ತಿಳಿಯದೇ ಇರಲಿಲ್ಲ.

ಚಪ್ಪಲಿ ಹೊಲಿಯುವವನಲ್ಲಿ ಕೊಂಡ ದಾರವನ್ನು ಹುರಿ ಮಾಡಿ ಮೇಣ ತಿಕ್ಕಿ ಹೆದೆಯಾಯಿತು. ದಸರೆಯ ಆಯುಧಪೂಜೆಗೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಿಲ್ಲೂ ಕೂತಿತು. ಮರುದಿನ ಗಚ್ಚಿಯ ಮೇಲೆ ಹಳೆಯ ಹಾಸಿಗೆಗೆ ಮಗ ಹೊಡೆದ ಮೊದಲ ಬಾಣ ಹಾಸಿಗೆ ಬಿಟ್ಟು ನೀರಿನ ಟಾಂಕಿಗೆ ತಗುಲಿತು. ಅಜ್ಜ ಎರಡೇ ಕಟ್ಟಳೆ ಹೇಳಿದರು: ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲೇ ಮುರಿಯುತ್ತದೆ, ಆಟ ಮುಗಿದೊಡನೆ ಹೆದೆ ಇಳಿಸಿಡಬೇಕು. ಸಂಜೆ ಚಹಾ ಕುಡಿಯುತ್ತ, "ಕೊನೆಕೊಯ್ಲು ಹತ್ತಿರ ಬಂತು. ಟಿಕೆಟ್ ತೆಗೆಸಿ" ಎಂದರು. ತೆಗೆಸಿದೆವು.

ದೀಪಾವಳಿಗೆ ಮಗ ಅಜ್ಜನಿಗೆ ಕಾರ್ಡು ಬರೆದ. ಅವನು ಕನ್ನಡದಲ್ಲಿ ಬರೆದ ಮೊದಲ ಕಾಗದ. ನಾಲ್ಕು ಸಾಲು, ಅದರಲ್ಲಿ ಮೂರು ಕಡೆ 'ಬಿಲು'. ಮೇಲಿನ ತೋಳು ಸ್ವಲ್ಪ ಬಿಗಿ ಅನಿಸುತ್ತದೆ ಎಂದು ದೂರು. ಹತ್ತು ದಿನಕ್ಕೆ ಮರುಟಪಾಲು ಬಂತು:

"ಬಿಲ್ಲಿಗೆ ಲ ಒತ್ತು ಕೊಡು. ಬಿಗಿ ಇದ್ದಲ್ಲಿ ಗಾಜಿನಿಂದ ನಾಲ್ಕು ಸಲ ಕೆರೆ, ಐದನೆಯದು ಬೇಡ. ಅಪ್ಪ ಅಮ್ಮನ ಕೈಗೆ ಕೊಡಬೇಡ."