ಕನಮಡಿಯಲ್ಲಿ ಐದು ವ್ಯಾಟಿನ ಪಿಸುಮಾತು

ವಿಜಯಪುರಕ್ಕೆ ಬಂದ ಪ್ರವಾಸಿಕನು ಗೋಳಗುಮ್ಮಟವನ್ನು ಕಾಣದೆ ಮರಳುವುದಿಲ್ಲ. 1656ರಲ್ಲಿ ಕಾಲವಾದ ಮುಹಮ್ಮದ್ ಆದಿಲ್‌ಶಹನ ಈ ಗೋರಿಯ ಮೂಲೆಗೋಪುರದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಗುಮ್ಮಟದೊಳಗಿನ ದುಂಡನೆಯ ಮೊಗಸಾಲೆಯಲ್ಲಿ ನಿಂತವರೆಲ್ಲರೂ ಮಾಡುವ ಕೆಲಸ ಒಂದೇ: ಕೂಗುವುದು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಚಪ್ಪಾಳೆ ತಟ್ಟುತ್ತಾರೆ, ಶಾಲೆಯ ಮಕ್ಕಳು ಸಿಳ್ಳು ಹಾಕುತ್ತಾರೆ. ಪ್ರತಿಧ್ವನಿಗಳ ಆ ಸಂತೆಯಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಆದರೆ ಬೆಳಗಿನಲ್ಲಿ ಬಾಗಿಲು ತೆರೆದೊಡನೆ, ಜನ ನೆರೆಯುವ ಮುನ್ನ ಮೇಲೇರಿದವನಿಗೆ ಈ ಕಟ್ಟಡದ ನಿಜವಾದ ವೈಭವ ದೊರೆಯುತ್ತದೆ. ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು, ಗೋಡೆಯ ಬಾಗನ್ನೇ ಅನುಸರಿಸಿ ಹರಿದು, ನೂರಿಪ್ಪತ್ತು ಅಡಿಗಳಾಚೆ ಎದುರುಬದಿಯಲ್ಲಿ ಕಿವಿಗೊಟ್ಟವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಲಿ ಬೇಕಾದದ್ದು ಗಂಟಲಿನ ಬಲವಲ್ಲ. ನಿಶ್ಶಬ್ದ, ಮತ್ತು ಆಲಿಸುವ ಒಂದು ಕಿವಿ.

ಇದೇ ತತ್ತ್ವವನ್ನು ನಂಬಿ ಬದುಕುವ ಜನರು ಜಗತ್ತಿನ ಹಲವು ದೇಶಗಳಲ್ಲಿ ಇದ್ದಾರೆ. ಅವರೇ ಅಲ್ಪಶಕ್ತಿಯ ರೇಡಿಯೋ ಹವ್ಯಾಸಿಗಳು. ‘ಹ್ಯಾಮ್’ ಎಂದು ಕರೆಯಿಸಿಕೊಳ್ಳುವ ಹವ್ಯಾಸಿಗಳಲ್ಲಿ ನೂರು ವ್ಯಾಟ್, ನಾನ್ನೂರು ವ್ಯಾಟ್ ಬಳಸುವವರಿದ್ದಾರೆ. ಇವರು ಮಾತ್ರ ಐದು ವ್ಯಾಟಿಗೆ ಮೀರಬಾರದೆಂದು ತಮಗೆ ತಾವೇ ಕಟ್ಟು ಹಾಕಿಕೊಂಡವರು. ಮನೆಯ ‘ಜೀರೋ ಬಲ್ಬು’ ಕೂಡ ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಮುಂದೆ ಪಡೆದ ಪ್ರೇಷಕದ ಬಲ ಎರಡು ನೂರು ಕಿಲೋವ್ಯಾಟ್; ಅದು ಈ ಐದು ವ್ಯಾಟಿನ ನಲವತ್ತು ಸಾವಿರ ಪಟ್ಟು!

ಅಂತಹ ಹವ್ಯಾಸಿಯೊಬ್ಬನು ಮಾರ್ಚ್ ತಿಂಗಳ ಒಂದು ನಸುಕಿನಲ್ಲಿ ವಿಜಯಪುರದಿಂದ ಕನಮಡಿಗೆ ಹೊರಟನೆನ್ನಿ. ಅವನ ಹೆಗಲಚೀಲದಲ್ಲಿ ಊಟದ ಡಬ್ಬಿಯಷ್ಟು ದೊಡ್ಡದಾದ, ಸ್ವಂತ ಕೈಯಿಂದ ಕಟ್ಟಿದ ಒಂದು ಪೆಟ್ಟಿಗೆ, ಹನ್ನೆರಡು ವೋಲ್ಟಿನ ಬ್ಯಾಟರಿ, ಮೋರ್ಸ್ ಕೀಲಿ, ಕಿವಿಗವಸು, ಇಪ್ಪತ್ತು ಮೀಟರ್ ತಾಮ್ರದ ತಂತಿ, ನೈಲಾನ್ ಹಗ್ಗ, ಎರಡು ರೊಟ್ಟಿ, ಶೇಂಗಾಚಟ್ನಿ. ಪ್ರೇಷಕ, ಗ್ರಾಹಕಗಳೆರಡೂ ಆ ಪೆಟ್ಟಿಗೆಯಲ್ಲಿಯೇ ಅಡಕವಾಗಿವೆ. ಜೇಬಿನಲ್ಲಿ ಕೇಂದ್ರ ಸರಕಾರದ ಪರವಾನಗಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದನ್ನು ಪಡೆಯದೆ ಈ ದೇಶದಲ್ಲಿ ಪ್ರೇಷಕದ ಗುಂಡಿಯನ್ನು ಒತ್ತುವಂತಿಲ್ಲ.

ನಗರವನ್ನು ಬಿಟ್ಟು ಅವನು ಹೊರಟಿರುವುದಕ್ಕೆ ಕಾರಣವಿದೆ. ಮನೆಮನೆಯ ಎಲ್‌ಇಡಿ ದೀಪ, ಫೋನಿನ ಚಾರ್ಜರ್, ಇನ್ವರ್ಟರ್ ಒಂದೊಂದೂ ಗ್ರಾಹಕದಲ್ಲಿ ಗೊರಗೊರ ಸದ್ದನ್ನು ತುಂಬುತ್ತವೆ. ಗುಮ್ಮಟದಲ್ಲಿ ನೂರು ಮಕ್ಕಳು ಕೂಗುವಾಗ ಪಿಸುಮಾತು ಎಲ್ಲಿ ಕೇಳಬೇಕು? ಆದುದರಿಂದ ಅವನಿಗೆ ಬೇಕಾದದ್ದು ಬಯಲು.

ಬಸ್ಸು ತಿಕೋಟಾ ದಾಟಿತು. ಜೋಳದ ಕೊಯ್ಲು ಮುಗಿದು ಎರೆಯ ನೆಲ ಬಿರಿಯತೊಡಗಿದೆ. ಆ ಕಪ್ಪಿನ ನಡುವೆ ಅಲ್ಲಲ್ಲಿ ದ್ರಾಕ್ಷಿತೋಟಗಳ ಹಸುರು. ಮಳೆಯನ್ನೇ ನೆಚ್ಚಿ ಬರಗಾಲಗಳನ್ನು ಕಂಡ ಸೀಮೆಯಿದು. ಕೊಳವೆಬಾವಿಗಳಿಂದಲೂ, ಈಚೆಗೆ ತುಬಚಿ–ಬಬಲೇಶ್ವರ ಏತ ನೀರಾವರಿಯ ಕೃಷ್ಣೆಯ ನೀರಿನಿಂದಲೂ ಇದರ ಬಣ್ಣ ಬದಲಾಗುತ್ತಿದೆ. ಕನಮಡಿ ರಾಜ್ಯದ ಅಂಚಿನ ಊರು. ಆಚೆಗೆ ಮಹಾರಾಷ್ಟ್ರದ ಜತ್ತ ತಾಲೂಕು. ಅಲ್ಲಿಯೂ ಹಲವು ಮನೆಗಳಲ್ಲಿ ಕನ್ನಡವೇ ಕೇಳುತ್ತದೆ. ಗಡಿಕಲ್ಲು ನೆಲಕ್ಕೆ ಮಾತ್ರ. ಮಾತಿಗೂ ಇಲ್ಲ, ತರಂಗಕ್ಕೂ ಇಲ್ಲ.

ಊರಾಚೆಯ ತೋಟವೊಂದರ ಬದುವಿನಲ್ಲಿ ಹವ್ಯಾಸಿ ಚೀಲವಿಳಿಸಿದನು. ತೋಟದ ಹಿರಿಯನ ಅಪ್ಪಣೆ ಪಡೆದು, ದ್ರಾಕ್ಷಿಯ ಹಂದರಕ್ಕೆ ಆತುಕೊಂಡೇ ಏರಿಯಲನ್ನು ಕಟ್ಟಿದನು. ಏಳು ಮೆಗಾಹರ್ಟ್ಸಿನಲ್ಲಿ ಕಿವಿಗೊಟ್ಟು, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸಾರ್ವತ್ರಿಕ ಕರೆಯಾದ ‘ಸಿಕ್ಯು’ವನ್ನು ಬಡಿಯತೊಡಗಿದನು. ಅದರ ಹಿಂದೆ ಅವನ ಸಂಕೇತನಾಮ. ಭಾರತದ ಹವ್ಯಾಸಿಗಳ ಹೆಸರೆಲ್ಲ ಸಾಮಾನ್ಯವಾಗಿ ‘ವಿಯು’ ಎಂದೇ ಆರಂಭವಾಗುತ್ತದೆ: ಮೂರು ಚುಕ್ಕೆ, ಒಂದು ಗೆರೆ, ಎರಡು ಚುಕ್ಕೆ, ಒಂದು ಗೆರೆ. 2013ರ ಜುಲೈಯಲ್ಲಿ ದೇಶದ ತಂತಿಸೇವೆಯೇ ನಿಂತುಹೋಯಿತು. ಆದರೂ ಮೋರ್ಸನ ಈ ಲಿಪಿ ಹವ್ಯಾಸಿಗಳ ಬೆರಳಿನಲ್ಲಿ ಜೀವಂತವಾಗಿದೆ.

ಅರ್ಧ ಗಂಟೆ ಕಳೆಯಿತು. ಉತ್ತರವಿಲ್ಲ. ಮತ್ತೂ ಹತ್ತು ನಿಮಿಷ. ಇಲ್ಲ. ಅಲ್ಪಶಕ್ತಿಯವನ ದಿನಚರಿಯಲ್ಲಿ ಹೆಚ್ಚಿನ ಪಾಲು ಇದೇ.

ಹಿರಿಯನು ಬಂದು ನಿಂತನು.

“ಯಾಕ ತಮ್ಮಾ, ಫೋನಿಗೆ ರೇಂಜ್ ಸಿಗವಲ್ದೇನು?”

“ಫೋನ್ ಅಲ್ಲ ಮುತ್ಯಾ, ಇದು ರೇಡಿಯೋ.”

“ರೇಡಿಯೋ ಇರಲಿ. ಈ ತಂತಿ ನನ್ನ ಹಂದರಕ್ಕ ಯಾಕ ಹಚ್ಚೀದಿ? ಬಳ್ಳಿಗೆ ಧಕ್ಕಿ ಆದೀತು. ಆ ದಿಬ್ಬದ ಮ್ಯಾಲ ಬೇವಿನ ಗಿಡ ಐತಿ ನೋಡು, ಅದಕ್ಕ ಕಟ್ಟು.”

ಮುದುಕನ ಚಿಂತೆ ಬಳ್ಳಿಯದು. ಆದರೆ ಹವ್ಯಾಸಿಗೆ ತನ್ನ ತಪ್ಪು ಹೊಳೆಯಿತು. ದ್ರಾಕ್ಷಿಯ ಹಂದರವೆಂದರೆ ಕಂಬದಿಂದ ಕಂಬಕ್ಕೆ ಬಿಗಿದ ಕಬ್ಬಿಣದ ತಂತಿಗಳ ಬಲೆ. ಏರಿಯಲಿನಿಂದ ಹೊರಟ ಶಕ್ತಿಯ ಬಹುಪಾಲನ್ನು ಆ ಬಲೆಯೇ ಹೀರಿ, ಲಯ ಕೆಡಿಸುತ್ತಿತ್ತು. ನೂರು ವ್ಯಾಟಿನವನಾದರೆ ಈ ನಷ್ಟವನ್ನು ಗಮನಿಸುತ್ತಿರಲಿಲ್ಲವೇನೋ. ಐದೇ ವ್ಯಾಟ್ ಉಳ್ಳವನು ಬಡವನ ಮನೆಯ ಎಣ್ಣೆಯಂತೆ ಪ್ರತಿ ಹನಿಯನ್ನೂ ಲೆಕ್ಕವಿಡಬೇಕು.

ಬೇವಿನ ಕೊಂಬೆಗೆ ಹಗ್ಗವೆಸೆದು ತಂತಿಯನ್ನು ಏರಿಸಲಾಯಿತು. ಎಂಟು ಗಂಟೆಯ ಬಿಸಿಲು. ಮತ್ತೆ ‘ಸಿಕ್ಯು’. ಮತ್ತೆ ಮೌನ. ಆ ಮೌನದ ತಳದಿಂದ, ಬಾವಿಯಲ್ಲಿ ಬಿದ್ದ ನಾಣ್ಯದ ಸದ್ದಿನಂತೆ, ಸಣ್ಣದೊಂದು ಚುಕ್ಕೆ–ಗೆರೆಗಳ ಸಾಲು! ಅವನದೇ ಸಂಕೇತನಾಮ ಅದು. ಕರೆಯುತ್ತಿರುವವನು ಬೆಂಗಳೂರಿನವನು, ಗೆರೆ ಎಳೆದರೆ ನಾನ್ನೂರು ಕಿಲೋಮೀಟರಿಗೂ ಹೆಚ್ಚು ದೂರ.

ಇದು ಹೇಗೆ ಸಾಧ್ಯ? ಭೂಮಿಯಿಂದ ಇನ್ನೂರು–ನಾನ್ನೂರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳು ವಾಯುವಿನ ಕಣಗಳನ್ನು ಒಡೆದು ವಿದ್ಯುನ್ಮಯವಾದ ಒಂದು ಮಾಳಿಗೆಯನ್ನು ಕಟ್ಟಿವೆ. ಅಂತಹ ಪದರಗಳ ಇರವನ್ನು 1924ರ ಪ್ರಯೋಗದಿಂದ ಸ್ಥಿರಪಡಿಸಿದ ಆಪಲ್‌ಟನ್‌ಗೆ 1947ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕನಮಡಿಯಿಂದ ಮೇಲಕ್ಕೆ ಹೋದ ತರಂಗ ಆ ಮಾಳಿಗೆಯಲ್ಲಿ ಬಾಗಿ ಬೆಂಗಳೂರಿಗೆ ಇಳಿಯುತ್ತದೆ. ಆದಿಲ್‌ಶಹನ ಗುಮ್ಮಟಕ್ಕೆ ಗಚ್ಚು, ಇಟ್ಟಿಗೆ ಬೇಕಾದವು. ಈ ಗುಮ್ಮಟವನ್ನು ಸೂರ್ಯನು ದಿನವೂ ಹೊಸದಾಗಿ ಕಟ್ಟುತ್ತಾನೆ, ಸುಮಾರು ಹನ್ನೊಂದು ವರ್ಷಗಳ ತನ್ನ ಆವರ್ತಕ್ಕೆ ತಕ್ಕಂತೆ ಬಿಗಿಯಾಗಿಯೋ ಸಡಿಲವಾಗಿಯೋ.

ಬೆಂಗಳೂರಿನವನು ತನ್ನ ಬಲ ನೂರು ವ್ಯಾಟ್ ಎಂದು ತಿಳಿಸಿದನು. ಕನಮಡಿಯವನು ಐದು ಎಂದನು. ಕ್ಷಣಕಾಲ ಮೌನ. ಆಮೇಲೆ ಆತನೂ ಐದಕ್ಕೆ ಇಳಿದು ಕರೆದನು. ಶಕ್ತಿ ಇಪ್ಪತ್ತು ಪಟ್ಟು ಕುಗ್ಗಿತು. ಆದರೆ ಗ್ರಾಹಕದ ಮಾಪಕದಲ್ಲಿ ಅಷ್ಟು ಕುಗ್ಗಿದರೆ ಸುಮಾರು ಎರಡು ಅಂಕ ಮಾತ್ರ ಇಳಿಯುತ್ತದೆ. ಸದ್ದು ತೆಳುವಾಯಿತು, ಅಳಿಯಲಿಲ್ಲ. ಎರಡೂ ಕಡೆ ಈಗ ಪಿಸುಮಾತೇ. ಹವಾಮಾನ, ತಂತಿಯ ಉದ್ದ, ಬೇವಿನ ಮರ ಇಷ್ಟನ್ನು ಹೇಳಿ, ಕೊನೆಗೆ ಶುಭಾಶಯದ ಸಂಕೇತವಾದ ‘73’ ಅನ್ನು ಬಡಿದು ಇಬ್ಬರೂ ಬೀಳ್ಕೊಂಡರು.

ಹಿರಿಯನು ಎಲ್ಲವನ್ನೂ ನೋಡುತ್ತಿದ್ದನು.

“ಅಷ್ಟು ದೂರ ಮಾತು ಹೊಕ್ಕೈತಿ ಅಂದ್ರ, ತಾಸಗಾಂವದಾಗ ಮಣೂಕದ ರೇಟ್ ಎಷ್ಟೈತಿ ಕೇಳು.”

“ಅದನ್ನ ಕೇಳಾಕ ಬರೂದಿಲ್ಲ ಮುತ್ಯಾ. ವ್ಯಾಪಾರದ ಮಾತು ಇದರಾಗ ಆಡಬಾರದು ಅಂತ ಕಾಯದೆ ಐತಿ.”

“ರೇಟ್ ಮೊಮ್ಮಗ ಫೋನಿನ್ಯಾಗ ನೋಡ್ತಾನ ಬಿಡು. ಮತ್ತ ಇದು ಯಾತಕ್ಕ ಬೇಕಪಾ?”

ಹವ್ಯಾಸಿಗಳೆಲ್ಲರೂ ಒಮ್ಮೆಯಾದರೂ ಎದುರಿಸಬೇಕಾದ ಪ್ರಶ್ನೆ ಇದು. ಭಾರತದಲ್ಲಿ ಮೊದಲ ಹವ್ಯಾಸಿಗೆ ಪರವಾನಗಿ ದೊರೆತದ್ದು 1921ರಲ್ಲಿ. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಆಂಗ್ಲ ಸರಕಾರವು ಹವ್ಯಾಸಿಗಳೆಲ್ಲರೂ ಪ್ರೇಷಕಗಳನ್ನು ಪೋಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಆಟಿಕೆಯೆಂದು ಅದು ಬಗೆದಿರಲಿಲ್ಲ. 2001ರ ಜನವರಿ 26ರಂದು ಭುಜ್ ನಗರ ನೆಲಸಮವಾದಾಗ, 2004ರ ಡಿಸೆಂಬರಿನಲ್ಲಿ ಅಂಡಮಾನಿನ ಮೇಲೆ ಸಮುದ್ರವೇ ಎರಗಿದಾಗ, ವಿದ್ಯುತ್ತೂ ದೂರವಾಣಿಯೂ ಕಡಿದುಹೋದ ಎಡೆಗಳಿಂದ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಹವ್ಯಾಸಿಗಳಿದ್ದರು. ಅಂತಹ ಘಳಿಗೆಯಲ್ಲಿ ಒಂದು ಬ್ಯಾಟರಿಯಿಂದ ದಿನವಿಡೀ ನಡೆಯಬಲ್ಲ ಪೆಟ್ಟಿಗೆಗೆ ಬೆಲೆ ಕಟ್ಟುವವರಾರು? ಬೆಂಗಳೂರಿನಲ್ಲಿ ರೂಪುಗೊಂಡು 2005ರ ಮೇ 5ರಂದು ಕಕ್ಷೆಗೇರಿದ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹದ ದನಿಯೂ ಒಂದು ವ್ಯಾಟಿನ ಆಸುಪಾಸಿನದೇ; 2014ರವರೆಗೆ ಜಗತ್ತಿನ ಹವ್ಯಾಸಿಗಳು ಅದರ ಮೂಲಕ ಮಾತಾಡಿದರು. ಹೈದರಾಬಾದಿನ ಅಶ್ಹರ್ ಫರ್ಹಾನ್ 2003ರಲ್ಲಿ ರೂಪಿಸಿದ ‘ಬಿಟ್‌ಎಕ್ಸ್’ ಎಂಬ ಆರು ವ್ಯಾಟಿನ ಪೆಟ್ಟಿಗೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದ ಆಗುವಂಥದು. ಅದನ್ನು ಹಲವು ದೇಶಗಳ ಜನ ತಮ್ಮ ಮೇಜಿನ ಮೇಲೆ ಕಟ್ಟಿದರು.

ಇದನ್ನೆಲ್ಲ ಹಿರಿಯನಿಗೆ ವಿವರಿಸಲು ಹವ್ಯಾಸಿಗೆ ಮಾತು ಸಾಲಲಿಲ್ಲ. ಅವನು ರೊಟ್ಟಿ ಬಿಚ್ಚಿದನು. ಹಿರಿಯನು ಗೊಂಚಲು ದ್ರಾಕ್ಷಿ ತಂದಿಟ್ಟನು. ಆಮೇಲೆ ತನ್ನ ಒಣದ್ರಾಕ್ಷಿಯ ಶೆಡ್ಡನ್ನು ತೋರಿಸಿದನು. ಔಷಧದ ನೀರಿನಲ್ಲಿ ಅದ್ದಿದ ಗೊಂಚಲುಗಳನ್ನು ಅಂತಸ್ತು ಅಂತಸ್ತಾಗಿ ಬಲೆಗಳ ಮೇಲೆ ಹರಡಿದ್ದರು. ನೆರಳಿನಲ್ಲಿ, ಹಾಯುವ ಗಾಳಿಯಲ್ಲಿ ಎರಡು ವಾರ ಒಣಗಬೇಕು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಈ ನಡುವೆ ಅಕಾಲದ ಮಳೆ ಬಂದು ತೇವ ತಾಗಿತೋ, ಬಣ್ಣ ಕೆಡುತ್ತದೆ; ಬಣ್ಣದೊಡನೆ ವರ್ಷದ ಗಳಿಕೆಯೂ.

ಮಧ್ಯಾಹ್ನ ಮೂರರ ಸುಮಾರಿಗೆ ಹವ್ಯಾಸಿ ಮತ್ತೆ ಕಿವಿಗವಸು ತೊಟ್ಟನು. ಆಕಾಶ ನಿಚ್ಚಳವಾಗಿತ್ತು. ಕಿವಿಯಲ್ಲಿ ಮಾತ್ರ ಹುರಿಗಡಲೆ ಸಿಡಿದಂತೆ ಚಟಚಟ ಸದ್ದು. ಮಿಂಚೂ ಒಂದು ಪ್ರೇಷಕವೇ. ಅದರ ಸದ್ದು ನೂರಾರು ಕಿಲೋಮೀಟರ್ ಆಚೆಗೂ ಮುಟ್ಟುತ್ತದೆ. ಗಳಿಗೆ ಗಳಿಗೆಗೂ ಸಿಡಿತ ದಟ್ಟವಾಯಿತು, ಒರಟಾಯಿತು. ಏರಿಯಲ್ ಏರಿಸಿದವನಿಗೆ ಇದು ಎಚ್ಚರಿಕೆ. ಅವನು ತಡಮಾಡದೆ ತಂತಿಯನ್ನು ಕಳಚಿ, ಹಗ್ಗವನ್ನು ಎಳೆದುಕೊಂಡನು.

“ಯಾಕ, ಹೊಂಟೇನು?”

“ಎಲ್ಲ್ಯೋ ಸಿಡಿಲು ಹೊಡ್ಯಾಕತ್ತೈತಿ ಮುತ್ಯಾ. ಎಲ್ಲಿ, ಎಷ್ಟು ದೂರ ಅಂತ ಇದು ಹೇಳೂದಿಲ್ಲ. ಈ ಕಡೆ ಬರ್ತದೋ ಇಲ್ಲೋ, ಅದೂ ಗೊತ್ತಿಲ್ಲ.”

ಹಿರಿಯನು ಪಡುವಣಕ್ಕೆ ಮುಖ ಮಾಡಿ, ಗಾಳಿಯನ್ನು ಮೂಸುವವನಂತೆ ಕೆಲಹೊತ್ತು ನಿಂತನು. ಬಳಿಕ ಆಳುಗಳನ್ನು ಕೂಗಿ ಶೆಡ್ಡಿನ ಸುತ್ತ ತಾಡಪಾಲು ಇಳಿಬಿಡಲು ಹೇಳಿದನು. ಹವ್ಯಾಸಿಯೂ ಒಂದು ತುದಿಯನ್ನು ಹಿಡಿದು ಕಟ್ಟಿದನು.

“ಹೇಳಾಕ ಬರದಿದ್ರೂ ಕೇಳಾಕ ಬರ್ತದಲ್ಲ, ಅಷ್ಟ ಸಾಕ” ಎಂದನು ಮುದುಕ.

ಮರಳುವ ಬಸ್ಸು ತಿಕೋಟಾ ಮುಟ್ಟುವ ವೇಳೆಗೆ ಹಿಂದಿನ ಆಕಾಶ ಕಪ್ಪಾಗಿತ್ತು. ಕಿಟಕಿಯ ಗಾಜಿಗೆ ನಾಲ್ಕು ದಪ್ಪ ಹನಿಗಳು ಬಿದ್ದವು. ಹವ್ಯಾಸಿ ದಿನಚರಿಯ ಪುಸ್ತಕವನ್ನು ತೆರೆದು ಬರೆದನು: ಕನಮಡಿ, ಐದು ವ್ಯಾಟ್, ಬೇವಿನ ಮರ, ಒಂದು ಸಂಪರ್ಕ. ದಿನವಿಡೀ ಕುಳಿತು ಪಡೆದದ್ದು ಒಂದೇ. ಅವನು ಪುಸ್ತಕ ಮುಚ್ಚಿ, ತಾಡಪಾಲಿನ ಗಂಟನ್ನು ಬಿಗಿಯಾಗಿಯೇ ಹಾಕಿದೆನಷ್ಟೆ ಎಂದು ಯೋಚಿಸುತ್ತ ವಿಜಯಪುರದ ನಿಲ್ದಾಣದಲ್ಲಿ ಇಳಿದನು.