ಹಾಲುತೊಂಡೆ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಮಗ್ಗುಲಿನ ಊರು ನಮ್ಮದು. ನಮ್ಮ ಮನೆಯ ನಡುಮನೆಯಲ್ಲಿ ನಮಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಜಾಗ. ಸೊಪ್ಪು ಮೇಯುವ ಸದ್ದು ರಾತ್ರಿ ಮಳೆ ಬಂದಂತೆ ಕೇಳುತ್ತಿತ್ತು.

1988ರಲ್ಲಿ ಅಕ್ಕ ಪಿಯುಸಿ ಪಾಸಾದಳು. ಮೈಸೂರಿನ ಕಾಲೇಜಿಗೆ ಸೇರಲು ಬೇಕಾದ ಹಣ ಮುಂದಿನ ಬೆಳೆಯ ಗೂಡಿನಿಂದ ಬರಬೇಕಿತ್ತು. ಆಗಿನ ಬೆಳೆಯಲ್ಲಿ ನಾಲ್ಕಾರು ಹುಳುಗಳು ಊದಿಕೊಂಡು, ಮೈ ಮಿರಮಿರ ಮಿಂಚುತ್ತಾ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಅದೇ ಹಾಲುತೊಂಡೆ ರೋಗ. ಅವ್ವ ಅವನ್ನು ಆರಿಸಿ ನನ್ನ ಕೈಗೆ ಕೊಟ್ಟು, "ಸುಟ್ಟಾಕು ಮಗ, ತಿಪ್ಪೆಗೆ ಎಸೀಬ್ಯಾಡ" ಎಂದಳು. ಹುಡುಗರು ಗೋಲಿ ಆಡಲು ಕೂಗುತ್ತಿದ್ದರು. ನಾನು ತಿಪ್ಪೆಗೇ ಎಸೆದೆ.

ಮುಂದಿನ ಬೆಳೆ ನಾಲ್ಕನೇ ಜ್ವರ ದಾಟಿದ ಮೇಲೆ ಹೋಯಿತು. ತಟ್ಟೆ ತಟ್ಟೆಯೇ ಹಾಲಾಯಿತು. ಚಂದ್ರಿಕೆಗಳು ಖಾಲಿ ಉಳಿದವು. ಅಕ್ಕ ಕಾಲೇಜಿಗೆ ಹೋಗಲಿಲ್ಲ. ನನ್ನಿಂದಲೇ ಹಾಗಾಯಿತೆಂದು ಖಂಡಿತವಾಗಿ ಹೇಳಲಾರೆ. ಆದರೆ ಈ ರೋಗದ ವೈರಸ್ಸು ಸತ್ತ ಹುಳುವಿನಿಂದ ಹೊರಬಿದ್ದು ಬಹುಕಾಲ ಉಳಿಯುತ್ತದೆ, ಸೊಪ್ಪಿನ ಜೊತೆ ಮತ್ತೆ ಹುಳುವಿನ ಹೊಟ್ಟೆ ಸೇರುತ್ತದೆ. ನಮ್ಮ ತಿಪ್ಪೆಯ ಪಕ್ಕದಲ್ಲೇ ಸೊಪ್ಪಿನ ರಾಶಿ. ತಿಪ್ಪೆ ಕೆದಕುವ ಕೋಳಿಗಳು ಓಡಾಡುತ್ತಿದ್ದುದು ಅದರ ಮೇಲೆಯೇ.

ಈಚೆಗೆ ಅಕ್ಕನ ಮಗಳು, ಜೈವಿಕ ತಂತ್ರಜ್ಞಾನ ಓದುವವಳು, ರಜೆಗೆ ಬಂದಿದ್ದಳು. "ಮಾವ, ವೈರಸ್ಸಿನ ಬಾಯಿ ಕಟ್ಟಬಹುದು" ಎಂದಳು. ವೈರಸ್ಸು ಹುಳುವಿನ ಜೀವಕೋಶದೊಳಗೆ ತನ್ನ ಕೆಲಸ ಮಾಡಿಸಿಕೊಳ್ಳುವುದು ಆರ್‌ಎನ್‌ಎ ಎಂಬ ಚೀಟಿ ಬರೆದು. ಅದೇ ಬರಹವಿರುವ ಎರಡೆಳೆಯ ಆರ್‌ಎನ್‌ಎ ಸಿಕ್ಕರೆ ಜೀವಕೋಶ ಅದನ್ನು ಚೂರು ಮಾಡುತ್ತದೆ. ಆಮೇಲೆ ಆ ಚೂರನ್ನೇ ಗುರುತು ಇಟ್ಟುಕೊಂಡು ವೈರಸ್ಸಿನ ಚೀಟಿಗಳನ್ನು ಹುಡುಕಿ ಹರಿಯುತ್ತದೆ. 1998ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ಇದನ್ನು ತೋರಿಸಿದ ಫೈರ್ ಮತ್ತು ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ಸೀಗಡಿಯ ಬಿಳಿಚುಕ್ಕೆ ರೋಗಕ್ಕೂ ಇದೇ ಉಪಾಯವನ್ನು ಪ್ರಯೋಗಿಸಿದ್ದಾರಂತೆ. ರೇಷ್ಮೆ ಹುಳುವಿಗೆ ಮಾಡಿದವರು ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ಜೆ. ನಾಗರಾಜು ಮತ್ತು ಸಂಗಡಿಗರು. ಮೊದಲು, 2007ರಲ್ಲಿ, ವೈರಸ್ಸಿನ ಒಂದು ಜೀನನ್ನು ಗುರಿಯಾಗಿಟ್ಟುಕೊಂಡರು. 2013ರ ವರದಿಯಲ್ಲಿ ಹಲವು ಜೀನುಗಳನ್ನು ಒಟ್ಟಿಗೇ ಹಿಡಿದಿದ್ದರು. ಈ ಕಾವಲು ಹುಳುವಿನ ವಂಶದಲ್ಲೇ ಸೇರಿಕೊಂಡು ಮರಿಗೂ ಇಳಿಯುತ್ತದೆ. ಒಂದೊಂದು ಹುಳುವಿಗೂ ಸೂಜಿ ಚುಚ್ಚಲು ಯಾರಿಂದಾದೀತು!

ಅಂಥ ಹುಳು ನಮ್ಮೂರಿಗಿನ್ನೂ ಬಂದಿಲ್ಲ. ಬ್ಲೀಚಿಂಗ್ ಪುಡಿ, ಸುಣ್ಣ, ಬೆಂಕಿ ಇವೇ ನಮಗೆ ಗತಿ.

ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು. ಏನನ್ನಿಸಿತೋ, ತಿಪ್ಪೆಯ ವಿಷಯ ಅವತ್ತು ಹೇಳಿಬಿಟ್ಟೆ.

"ನಂಗೊತ್ತಿತ್ತು ಕಣ್ಲಾ" ಎಂದಳು ಅಕ್ಕ. "ಕೋಳಿ ಬಾಯಲ್ಲಿ ಹುಳ ನೋಡಿದ್ದೆ. ಅಪ್ಪಂಗೆ ಹೇಳಿದ್ರೆ ನಿನ್ನೂ ಸ್ಕೂಲು ಬಿಡಿಸೋರು."