ಆಗುಂಬೆಗೆ ಹೊರಡುವ ಮುನ್ನ...

80ರ ದಶಕದಲ್ಲಿ ದೂರದರ್ಶನಕ್ಕಾಗಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ಆಗುಂಬೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಯಾವ ಅಭಿಮಾನಿಗಿಲ್ಲ ಹೇಳಿ! ಬೆಂಗಳೂರಿಂದ ಸುಮಾರು 350 ಕಿಲೋಮೀಟರ್. ನಾವು ಮೂವರು, ಒಂದು ಹಳೇ ಕಾರು.

ಹಿಂದಿನ ದಿನವೆಲ್ಲಾ ಗ್ಯಾರೇಜಿನಲ್ಲೇ ಕಳೆಯಿತು. ಸ್ಟೆಪ್ನಿಗೆ ಗಾಳಿ, ರೇಡಿಯೇಟರಿಗೆ ನೀರು, ಡಿಕ್ಕಿಯಲ್ಲಿ ಜಾಕು, ಸ್ಪ್ಯಾನರು. ಆಗುಂಬೆ ಮಳೆ ಅಂದ್ರೆ ತಮಾಷೆಯಲ್ಲ. ವೈಪರ್ ರಬ್ಬರ್ ಹೊಸದೇ ಹಾಕಿಸಿದೆವು. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಬ್ರೇಕ್ ಕೈಕೊಟ್ಟರೆ ಮುಗೀತು ಕಥೆ! "ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ಬೇಡಿ, ಸೆಕೆಂಡ್ ಗೇರಲ್ಲೇ ಇಳೀರಿ" ಎಂದ ಮೇಸ್ತ್ರಿ.

"ರಾತ್ರಿಯೇ ಹೊರಡೋಣ, ಬೆಳಗ್ಗೆ ಅಲ್ಲಿರ್ತೀವಿ" ಎಂದ ನನ್ನ ಗೆಳೆಯ.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಕಾರೆಲ್ಲಾ ನಾನು ಟೈಟ್ ಮಾಡಿಕೊಟ್ಟಿದ್ದೀನಿ ಸಾರ್. ನಿದ್ದೆ ಮಾತ್ರ ನೀವೇ ಮಾಡ್ಕೊಂಡ್ ಬರಬೇಕು" ಎಂದು ಗೋಡೆ ಕಡೆ ನೋಡಿದ. ಅಲ್ಲಿ ಹಾರ ಹಾಕಿದ ಶಂಕರಣ್ಣನ ಫೋಟೋ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು, ಕಾರು ಅಪಘಾತ. ವಯಸ್ಸಿನ್ನೂ 35!

ರಸ್ತೆಗೆ ಹೀರೋ ಯಾರು, ಅಭಿಮಾನಿ ಯಾರು ಅನ್ನೋದು ಗೊತ್ತಿಲ್ಲ.

ಮಾಲ್ಗುಡಿ ಎಲ್ಲೂ ಓಡಿಹೋಗಲ್ಲ ಗೆಳೆಯರೇ. ಚೆನ್ನಾಗಿ ನಿದ್ದೆ ಮಾಡಿ, ಬೆಳಕು ಹರಿದ ಮೇಲೇ ಹೊರಡಿ. ನಾವು ಹಾಗೇ ಹೊರಟೆವು.